ಮಾವಳ್ಳಿಯ ಯಜ್ಞನಾರಾಯಣ ಮೈಯರು

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮೇಲಿನ ತರಗತಿಯ ಕೆಲವು ವಿದ್ಯಾರ್ಥಿಗಳು ಒಬ್ಬ ಸಹಪಾಠಿಯ ಮನೆಯಲ್ಲಿ ಕೂಡಿ ಒಂದು ಇಂಗ್ಲಿಷ್ ಚಲಚ್ಚಿತ್ರವನ್ನು ನೋಡಿದರು. 2016ರಲ್ಲಿ ತೆರೆಗೆ ಬಂದ ಆ ಚಿತ್ರದ ಹೆಸರು ದಿ ಫೌಂಡರ್; ನಮ್ಮ ಮಾತಿನಲ್ಲಿ ಸ್ಥಾಪಕ ಎನ್ನಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾನ್ ಬರ್ನಾರ್ಡಿನೋ ಎಂಬ ಊರಿನಲ್ಲಿ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಸೋದರರು ಒಂದು ತಿಂಡಿಯ ಅಂಗಡಿಯನ್ನು ಇಟ್ಟಿದ್ದರು. 1948ರಲ್ಲಿ ಅವರು ಅಡಿಗೆಯ ಕೆಲಸವನ್ನೆಲ್ಲ ಹೊಸದಾಗಿ ಯೋಚಿಸಿ, ಟೆನಿಸ್ ಆಡುವ ಬಯಲಿನ ಮೇಲೆ ಸೀಮೆಸುಣ್ಣದಿಂದ ಅಡಿಗೆಮನೆಯ ನಕ್ಷೆಯನ್ನು ಬರೆದು, ಯಾವ ಕೆಲಸದವನು ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆ ಇಡಬೇಕು ಎಂಬುದನ್ನು ಪರೀಕ್ಷಿಸಿ, ಗಿರಾಕಿ ಕೇಳಿದ ತಿಂಡಿ ಅರೆ ನಿಮಿಷದಲ್ಲಿ ಅವನ ಕೈಸೇರುವಂತೆ ಮಾಡಿದರು. 1954ರಲ್ಲಿ ಅಲ್ಲಿಗೆ ಹಾಲು ಕಡೆಯುವ ಯಂತ್ರಗಳನ್ನು ಮಾರುತ್ತ ಬಂದ ರೇ ಕ್ರಾಕ್ ಎಂಬವನು ಈ ವ್ಯವಸ್ಥೆಯನ್ನು ಕಂಡು ಬೆರಗಾದನು. ಊರೂರಿಗೆ ಶಾಖೆಗಳನ್ನು ತೆರೆದನು. ಕೊನೆಗೆ 1961ರಲ್ಲಿ 27 ಲಕ್ಷ ಡಾಲರು ಕೊಟ್ಟು ಸೋದರರಿಂದ ವ್ಯಾಪಾರವನ್ನು ಕೊಂಡನು. ಸೋದರರಿಗೆ ತಮ್ಮ ಮೊದಲ ಅಂಗಡಿಯ ಮೇಲೆ ತಮ್ಮದೇ ಹೆಸರನ್ನು ಹಾಕಿಕೊಳ್ಳುವ ಹಕ್ಕೂ ಉಳಿಯಲಿಲ್ಲ.

ಚಿತ್ರವನ್ನು ನೋಡಿ ಬಂದ ಮಕ್ಕಳಲ್ಲಿ ದೊಡ್ಡ ವಾದವೇ ನಡೆಯಿತು. ಕ್ರಾಕ್ ಜಾಣನೆಂದು ಕೆಲವರು, ಮೋಸಗಾರನೆಂದು ಕೆಲವರು. ನಿಜವಾದ ಸ್ಥಾಪಕನು ಯಾರು ಎಂಬ ಪ್ರಶ್ನೆಯಂತೂ ಬಗೆಹರಿಯಲೇ ಇಲ್ಲ. ತಿಂಡಿಯ ವ್ಯಾಪಾರದಿಂದ ಹೆಸರಾದ ಮನೆತನಗಳು ನಮ್ಮ ನಾಗಪುರಕ್ಕೆ ಹೊಸವಲ್ಲ. ದೂರದ ಬಿಕಾನೇರಿನ ಹಲ್ದೀರಾಮ್ ಮನೆತನದವರು ಇಲ್ಲಿ ಬೇರೂರಿ, ನಮ್ಮ ಊರಿನ ಕಿತ್ತಳೆಯನ್ನೇ ಬರ್ಫಿಯಾಗಿಸಿ ಹೊರಗಿನವರಿಗೆ ಉಣಿಸುತ್ತಿರುವುದನ್ನು ನಾವೆಲ್ಲ ಬಲ್ಲೆವು. ಆದರೆ ಕನ್ನಡಿಗರಲ್ಲಿ ಇಂಥವರು ಯಾರೂ ಇಲ್ಲವೇ ಎಂದು ಒಬ್ಬ ಹುಡುಗನು ಕೇಳಿದಾಗ, ಬೆಳಗಿನ ತರ್ರಿ ಪೋಹಾದ ಪಕ್ಕದಲ್ಲಿ ಸೀತಾಬರ್ಡಿಯಲ್ಲಿಯೂ ಧರಂಪೇಟೆಯಲ್ಲಿಯೂ ಇಡ್ಲಿ ದೋಸೆಗಳನ್ನು ತಿನ್ನುತ್ತ ಬೆಳೆದ ಮಕ್ಕಳಿಗೆ ಆ ಇಡ್ಲಿಯ ಹಿಂದಿನ ಮನುಷ್ಯರ ಪರಿಚಯವಿಲ್ಲದಿರುವುದು ನನಗೆ ಸ್ವಲ್ಪ ಸಂಕೋಚವನ್ನುಂಟುಮಾಡಿತು. ಆ ಸಂಕೋಚದ ಫಲವೇ ಈ ಲೇಖನ.

ಉಡುಪಿ ಜಿಲ್ಲೆಯ ಕರಾವಳಿಯಲ್ಲಿ, ಉಡುಪಿಯ ಉತ್ತರಕ್ಕೆ, ಕೋಟ ಸಾಲಿಗ್ರಾಮಗಳ ನೆರೆಯಲ್ಲಿ ಪಾರಂಪಳ್ಳಿ ಎಂಬ ಗ್ರಾಮವಿದೆ. ಡಾ. ಶಿವರಾಮ ಕಾರಂತರ ಹೆಸರಿನಿಂದಾಗಿ ಆ ಸೀಮೆಯು ಕನ್ನಡ ಓದುವವರಿಗೆಲ್ಲ ಪರಿಚಿತವಾದುದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ತೆಂಗು, ಗದ್ದೆ, ಮಳೆ. ನೋಡಲು ಬಹು ಚೆಲುವಾದ ನಾಡು. ಆದರೆ ಚೆಲುವು ಹೊಟ್ಟೆಯನ್ನು ತುಂಬಿಸದು. ಕಿರಿದಾದ ಗದ್ದೆ, ಹಿರಿದಾದ ಸಂಸಾರ, ಓದಿಸಲು ಹಣವಿಲ್ಲ. ಆದುದರಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಹುಡುಗರು ಮೀಸೆ ಮೂಡುವ ಮೊದಲೇ ಘಟ್ಟವನ್ನು ಹತ್ತಿ ಮೈಸೂರು ಸೀಮೆಗೆ, ಇಲ್ಲವೇ ಮದರಾಸು ಮುಂಬಯಿಗಳಿಗೆ ಹೊರಟುಬಿಡುತ್ತಿದ್ದರು. ಅವರ ಬಳಿ ಇದ್ದ ಬಂಡವಾಳವೆಂದರೆ ಅಡಿಗೆಯ ವಿದ್ಯೆಯೊಂದೇ. ಮದುವೆ ಮುಂಜಿಗಳಲ್ಲಿ, ದೇವಸ್ಥಾನದ ಸಂತರ್ಪಣೆಗಳಲ್ಲಿ ನೂರಾರು ಎಲೆಗಳಿಗೆ ಬಡಿಸಿ ಪಳಗಿದ ಕೈ ಅದು.

ಪಾರಂಪಳ್ಳಿಯ ಮೈಯರ ಮನೆಯ ಸೋದರರು ಹೀಗೆ ಹೊರಟವರಲ್ಲಿ ಸೇರಿದ್ದರು. ಹಿರಿಯರು ಪರಮೇಶ್ವರ ಮೈಯರು. ನಮ್ಮ ಕಥಾನಾಯಕರಾದ ಯಜ್ಞನಾರಾಯಣ ಮೈಯರು ಅವರ ತಮ್ಮ. ಬಳಕೆಯಲ್ಲಿ ಯಜ್ಞಪ್ಪ ಮೈಯರೆಂದು ಹೆಸರು. 1920ರ ಸುಮಾರಿಗೆ ಬೆಂಗಳೂರನ್ನು ಸೇರಿದ ಈ ಸೋದರರು ಮೊದಲು ದೊಡ್ಡವರ ಮನೆಗಳಲ್ಲಿ ಅಡಿಗೆಯ ಕೆಲಸಕ್ಕೆ ನಿಂತರು. ಹಿರಿಯ ಮೈಯರ ಕೈರುಚಿಯನ್ನೂ ನಡತೆಯನ್ನೂ ಮೆಚ್ಚಿದ ಯಜಮಾನರೊಬ್ಬರ ನೆರವಿನಿಂದ 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಚಿಕ್ಕ ಉಪಾಹಾರ ಗೃಹವು ಹುಟ್ಟಿತು. ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಸಿಕ್ಕುತ್ತಿದ್ದುದು ಮುಖ್ಯವಾಗಿ ಇಡ್ಲಿ ಮತ್ತು ಕಾಫಿ.

ಈ ಹೆಸರನ್ನು ಇಂದು ಕೇಳಿದಾಗ ನಿಮಗೆ ವಿಚಿತ್ರವೆನಿಸಬಹುದು. ಅಂದಿನ ಕಾಲವೇ ಹಾಗಿತ್ತು. ಮನೆಯ ಹೊರಗೆ, ಯಾರೋ ಬೇಯಿಸಿದುದನ್ನು ತಿನ್ನುವುದೆಂದರೆ ಮಡಿವಂತರಿಗೆ ದೊಡ್ಡ ಅಪರಾಧವಾಗಿ ತೋರುತ್ತಿತ್ತು. ಮನೆಯ ಹಿರಿಯರ ಕಣ್ಣು ತಪ್ಪಿಸಿ ಹೊಟೇಲಿನ ಹಿಂಬಾಗಿಲಿನಿಂದ ಒಳನುಸುಳಿದ ತರುಣರ ಕಥೆಗಳನ್ನು ಹಳಬರು ನಗುತ್ತ ಹೇಳುವುದುಂಟು. ಅಡಿಗೆಯವನ ಜಾತಿಯನ್ನು ಬಾಗಿಲ ಮೇಲೆಯೇ ಬರೆದಿಟ್ಟರೆ ಅಂಥವರ ಅಂಜಿಕೆ ಅಷ್ಟಿಷ್ಟು ಕಡಮೆಯಾಗುತ್ತಿತ್ತೆಂದು ದಕ್ಷಿಣದ ಅನೇಕ ಹೊಟೇಲುಗಳು ಇಂಥ ಹೆಸರನ್ನೇ ಇಟ್ಟುಕೊಂಡಿದ್ದವು. ಶುಚಿಗೆ ಜಾತಿಯೇ ಸಾಕ್ಷಿಯೆಂದು ಜನ ನಂಬಿದ್ದ ಕಾಲವದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

1929ರಲ್ಲಿ ಪರಮೇಶ್ವರ ಮೈಯರು ತೀರಿಕೊಂಡರು. ಅಂಗಡಿ ತೆರೆದು ಆಗಿನ್ನೂ ಐದು ವರ್ಷ. ಅಣ್ಣನು ಹಚ್ಚಿದ ಒಲೆಯನ್ನು ಆರದಂತೆ ಕಾಯುವ ಹೊಣೆಯು ಯಜ್ಞನಾರಾಯಣ ಮೈಯರ ಹೆಗಲಿಗೆ ಬಿದ್ದಿತು. ಆ ವರುಷದ ಕೊನೆಯಲ್ಲಿಯೇ ಅಮೆರಿಕದಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಪ್ರಪಂಚವನ್ನೆಲ್ಲ ಆವರಿಸಿತು. ಅಂಥ ದಿನಗಳಲ್ಲಿ ಕೆಲವೇ ಕಾಸಿನ ತಿಂಡಿಯನ್ನು ಮಾರಿ ಬದುಕುವುದು ಸುಲಭದ ಮಾತಲ್ಲ. ಆದರೂ ಅಂಗಡಿಯು ನಿಂತಿತು. ಮಾವಳ್ಳಿ, ಬಸವನಗುಡಿ, ವಿಶ್ವೇಶ್ವರಪುರಗಳ ಜನ ಬೆಳಗಿನ ಹೊತ್ತು ಅಲ್ಲಿಗೆ ಬರುವುದನ್ನು ರೂಢಿ ಮಾಡಿಕೊಂಡರು.

ಇನ್ನು ಯುದ್ಧದ ಕಾಲದ ಕಥೆಗೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನೀಯರು ಬರ್ಮಾ ದೇಶವನ್ನು ಹಿಡಿದರು. ಅಲ್ಲಿಂದ ಹಡಗುಗಳಲ್ಲಿ ಬರುತ್ತಿದ್ದ ಅಕ್ಕಿಯು ಒಮ್ಮೆಲೇ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದಕ್ಷಿಣದಲ್ಲಿ ಅಷ್ಟು ಘೋರವಾದ ಸ್ಥಿತಿ ಬರಲಿಲ್ಲವಾದರೂ ಅಕ್ಕಿಗೆ ಅಭಾವವುಂಟಾಯಿತು. ಇಡ್ಲಿಯನ್ನೇ ನಂಬಿದ ಅಂಗಡಿಗೆ ಅಕ್ಕಿಯೇ ಇಲ್ಲವಾದರೆ ಏನು ಮಾಡಬೇಕು? ಬಾಗಿಲು ಮುಚ್ಚಬೇಕು, ಇಲ್ಲವೇ ಇಡ್ಲಿಯನ್ನು ಬಿಡಬೇಕು. ಮೈಯರ ಅಡಿಗೆಮನೆಯು ಈ ಎರಡನ್ನೂ ಒಲ್ಲದೆ ಮೂರನೆಯ ದಾರಿಯನ್ನು ಹುಡುಕಿತು. ಅಕ್ಕಿಯ ಬದಲು ಗೋಧಿಯ ರವೆಯಿಂದ ಇಡ್ಲಿ ಮಾಡಿ ನೋಡಿದರು.

ಹೇಳುವಷ್ಟು ಸುಲಭವಾದ ಕೆಲಸ ಇದಲ್ಲ. ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ತಿಳಿದುಕೊಳ್ಳಿರಿ. ಅಕ್ಕಿ ಮತ್ತು ಉದ್ದನ್ನು ನೆನೆಹಾಕಿ, ರುಬ್ಬಿ, ರಾತ್ರಿಯೆಲ್ಲ ಬಿಟ್ಟರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆ ಹಿಟ್ಟಿನಲ್ಲಿ ಬೆಳೆದು ಹುಳಿಯನ್ನೂ ಇಂಗಾಲದ ಡೈಆಕ್ಸೈಡು ಎಂಬ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಅಂಟು ಆ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತದೆ. ಹಬೆಯಲ್ಲಿ ಬೆಂದಾಗ ಗುಳ್ಳೆಗಳು ಹಿಗ್ಗಿ ಇಡ್ಲಿಯು ಹೂವಿನಂತೆ ಅರಳುತ್ತದೆ. ಬರಿಯ ಗೋಧಿರವೆಗೆ ನೀರು ಕಲಸಿ ಹಬೆಯಲ್ಲಿಟ್ಟರೆ ಸಿಗುವುದು ಅಂಟಿನ ಮುದ್ದೆ. ಆದುದರಿಂದ ರವೆಯನ್ನು ಹದವಾಗಿ ಹುರಿದು, ಹುಳಿಗಾಗಿ ಮೊಸರನ್ನು ಕಲಸಿ, ಉಬ್ಬಲು ಅಡಿಗೆ ಸೋಡವನ್ನು ಸೇರಿಸಬೇಕು. ಮೊಸರಿನ ಹುಳಿಯೂ ಸೋಡವೂ ಕೂಡಿದೊಡನೆ ಅದೇ ಅನಿಲವು ಕೆಲವೇ ನಿಮಿಷಗಳಲ್ಲಿ ಹುಟ್ಟುತ್ತದೆ. ಸಾಸಿವೆ ಕರಿಬೇವಿನ ಒಗ್ಗರಣೆ, ಮೇಲೆ ಒಂದು ಗೋಡಂಬಿ. ಇರುಳೆಲ್ಲ ಕಾಯಬೇಕಾದ ಹಿಟ್ಟಿನ ಕೆಲಸವು ಹೀಗೆ ಗಳಿಗೆಯಲ್ಲಿ ಮುಗಿಯುವಂತಾಯಿತು. ಬರಗಾಲದ ಬದಲಿಯಾಗಿ ಬಂದ ರವೆ ಇಡ್ಲಿಯು ಅಕ್ಕಿ ಮತ್ತೆ ಧಾರಾಳವಾಗಿ ಸಿಕ್ಕಿದ ಮೇಲೂ ಹಿಂದೆ ಸರಿಯಲಿಲ್ಲ. ಇಂದು ನಾಗಪುರದಲ್ಲಿ ಅದನ್ನು ತಿನ್ನುವ ಎಷ್ಟೋ ಜನಕ್ಕೆ ಅದು ಶತಮಾನಗಳಷ್ಟು ಹಳೆಯದೆಂಬ ಭಾವನೆ. ಅದರ ವಯಸ್ಸು ನೂರು ವರ್ಷವೂ ಆಗಿಲ್ಲ.

ಇದೇ ಕಾಲದಲ್ಲಿ ಕರಾವಳಿಯಿಂದ ಹೊರಟ ಇನ್ನಿತರರೂ ತಮ್ಮ ತಮ್ಮ ಊರುಗಳಲ್ಲಿ ಹೆಸರಾಗುತ್ತಿದ್ದರು. ನಮ್ಮ ರಾಜ್ಯದ ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಮದರಾಸಿನಲ್ಲಿ ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೊಟೇಲುಗಳನ್ನು ಕಟ್ಟಿದರು. ಅವರ ಕಥೆಗಳೂ ಹೇಳತಕ್ಕವೇ, ಸ್ಥಳವಿಲ್ಲ.

1951ರಲ್ಲಿ ಯಜ್ಞನಾರಾಯಣ ಮೈಯರು ತಮ್ಮ ಸುತ್ತಲಿನವರಿಗೆ ಆಶ್ಚರ್ಯವಾಗುವಂಥ ಕೆಲಸವೊಂದನ್ನು ಮಾಡಿದರು. ಯೂರೋಪಿನ ಪ್ರವಾಸಕ್ಕೆ ಹೊರಟರು. ವಿಲಾಯಿತಿಗೆ ಅಂದು ಹೋಗುತ್ತಿದ್ದವರು ರಾಜರು, ಬ್ಯಾರಿಸ್ಟರರು, ವಿದ್ಯಾರ್ಥಿಗಳು. ಇಡ್ಲಿ ಮಾರುವವರು ಹೊಟೇಲುಗಳನ್ನು ನೋಡುವ ಸಲುವಾಗಿಯೇ ಅಷ್ಟು ದೂರ ಹೋಗುವುದೆಂದರೆ! ಮಡಿಯ ಮನೆತನದಲ್ಲಿ ಹುಟ್ಟಿದವರಿಗೆ ಸಮುದ್ರವನ್ನು ದಾಟುವ ವಿಚಾರವೇ ಹಿಂದಿನ ತಲೆಮಾರಿನಲ್ಲಿ ಪ್ರಾಯಶ್ಚಿತ್ತದ ವಿಷಯವಾಗಿದ್ದಿತು. ಯುದ್ಧ ಮುಗಿದು ಆಗಿನ್ನೂ ಆರು ವರ್ಷ. ಬ್ರಿಟನ್ನಿನಲ್ಲಿ ಆಹಾರದ ಪಡಿತರವು ಇನ್ನೂ ಜಾರಿಯಲ್ಲಿದ್ದು, ಅದು ಪೂರ್ತಿಯಾಗಿ ಮುಗಿದುದು 1954ರಲ್ಲಿ. ಹೊಸ ತಿಂಡಿಗಳನ್ನು ಕಲಿಯಲು ಹೋಗುವ ದೇಶಕಾಲಗಳು ಅವಾಗಿರಲಿಲ್ಲ. ಮೈಯರು ತಿಂಡಿಯನ್ನು ಕಲಿಯಲೂ ಇಲ್ಲ. ಅವರು ನೋಡಿದುದು ಅಲ್ಲಿನ ಉಪಾಹಾರ ಗೃಹಗಳು ನಡೆಯುವ ಬಗೆಯನ್ನು: ಶುಚಿಯನ್ನು, ಶಿಸ್ತನ್ನು.

ನಮ್ಮ ದೇಶದ ಅಂದಿನ ಸಾಧಾರಣ ಹೊಟೇಲುಗಳನ್ನು ನೆನೆದರೆ ಈ ನೋಟದ ಬೆಲೆ ತಿಳಿಯುತ್ತದೆ. ಒಂದೇ ಬಕೆಟ್ಟಿನ ನೀರಿನಲ್ಲಿ ನೂರು ಲೋಟಗಳನ್ನು ಅದ್ದಿ ತೆಗೆಯುವುದು, ಮೇಜು ಒರೆಸಿದ ಬಟ್ಟೆಯಿಂದಲೇ ತಟ್ಟೆಯನ್ನೂ ಒರೆಸುವುದು ಸರ್ವಸಾಮಾನ್ಯವಾಗಿತ್ತು. ವಿಷಮಶೀತ ಜ್ವರವೂ ಕಾಲರವೂ ಇಂಥ ನೀರಿನ ದಾರಿಯಲ್ಲಿಯೇ ಮನುಷ್ಯನಿಂದ ಮನುಷ್ಯನಿಗೆ ಸಾಗುತ್ತವೆ. ಮಡಿ ಮಡಿ ಎಂದು ಮೈಗೆ ಒದ್ದೆಬಟ್ಟೆಯನ್ನುಟ್ಟವನ ಕೈಯಲ್ಲಿಯೂ ಕೊಳೆಯಾದ ಲೋಟವಿರಬಹುದು. ಮಡಿಯೇ ಬೇರೆ, ಶುಚಿಯೇ ಬೇರೆ. ಈ ಭೇದವನ್ನು ನಮ್ಮ ಜನ ಇಂದಿಗೂ ಪೂರ್ತಿಯಾಗಿ ಅರಿತಿದ್ದಾರೆಂದು ನನಗೆ ತೋರುವುದಿಲ್ಲ.

ಊರಿಗೆ ಹಿಂದಿರುಗಿದ ಮೈಯರು ತಮ್ಮ ಅಡಿಗೆಮನೆಯನ್ನು ತಿದ್ದತೊಡಗಿದರು. ಪಾತ್ರೆ, ತಟ್ಟೆ, ಲೋಟಗಳನ್ನು ತೊಳೆದರಷ್ಟೇ ಸಾಲದೆಂದು ಹಬೆಯಿಂದ ಶುದ್ಧಿ ಮಾಡುವ ಏರ್ಪಾಡನ್ನು ತಂದರು. ಇಡ್ಲಿಯನ್ನು ಬೇಯಿಸುವ ಹಬೆಯೇ ರೋಗಾಣುಗಳನ್ನೂ ಕೊಲ್ಲಬಲ್ಲುದೆಂಬುದು ಎಷ್ಟು ಸರಳವಾದ ಮಾತು, ಆದರೂ ಅದನ್ನು ದಿನದಿನವೂ ತಪ್ಪದೆ ನಡೆಸುವವರು ಎಷ್ಟು ವಿರಳ! ಸಂದಣಿಯ ಹೊತ್ತಿನಲ್ಲಿ ಹೊರಗೆ ಗಿರಾಕಿಗಳು ಕಾಯುತ್ತಿರುವಾಗ, ಇದೊಂದು ಸಲ ಬಿಟ್ಟರೇನಂತೆ ಎಂದು ಯಾವ ಕೆಲಸದವನಿಗಾದರೂ ಅನ್ನಿಸದಿರದು. ಅದಕ್ಕೆ ಮೈಯರ ಬಳಿ ಒಂದು ಉಪಾಯವಿತ್ತು. ತಿನ್ನಲು ಬಂದವರು ಅಡಿಗೆಮನೆಯನ್ನು ತಮ್ಮ ಕಣ್ಣಿಂದ ನೋಡಲು ಅವರು ಅವಕಾಶವಿತ್ತರು. ಯಾವ ಹೊಟೇಲಿನವನಾದರೂ ಮುಚ್ಚಿಡಲು ಬಯಸುವ ಜಾಗವನ್ನೇ ತೆರೆದಿಟ್ಟರೆ, ಮೇಲ್ವಿಚಾರಣೆಯನ್ನು ಗಿರಾಕಿಗಳೇ ಮಾಡುತ್ತಾರೆ. ಕಾಫಿಯನ್ನು ಬೆಳ್ಳಿಯ ಲೋಟದಲ್ಲಿ ಕೊಡುವ ಪದ್ಧತಿಯೂ ಆ ಅಂಗಡಿಯ ಪ್ರಸಿದ್ಧಿಗೆ ಕಾರಣವಾಯಿತು. ನನಗೆ ಮಾತ್ರ ಬೆಳ್ಳಿಗಿಂತ ಹಬೆಯೇ ದೊಡ್ಡದಾಗಿ ಕಾಣುತ್ತದೆ.

ಹೆಸರು ಬದಲಾದುದೂ ಪ್ರವಾಸದಿಂದ ಬಂದ ಮೇಲೆಯೇ. ಬ್ರಾಹ್ಮಣ ಕಾಫಿ ಕ್ಲಬ್ಬು ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಬಂದಿತು. ಜನರ ಬಾಯಲ್ಲಿ ಅದು ಎಂ.ಟಿ.ಆರ್. ಎಂದಾಯಿತು. ಜಾತಿಯ ಹೆಸರಿದ್ದ ಕಡೆ ಬಡಾವಣೆಯ ಹೆಸರು ಬಂದು ಕುಳಿತುದು ಸಣ್ಣ ಸಂಗತಿಯಲ್ಲ. ನೆರೆಯ ಮದರಾಸಿನಲ್ಲಿ 1957ರಲ್ಲಿ, ಇದೇ ಬಗೆಯ ಹಲಗೆಯೊಂದನ್ನು ಹೊಟೇಲಿನಿಂದ ತೆಗೆಸಲು ಪೆರಿಯಾರರ ಅನುಯಾಯಿಗಳು ದೊಡ್ಡ ಚಳವಳಿಯನ್ನೇ ಹೂಡಬೇಕಾಯಿತೆಂಬುದನ್ನು ನೆನೆದರೆ ಮಾವಳ್ಳಿಯ ಈ ಬದಲಾವಣೆಯು ಎಷ್ಟು ಸದ್ದಿಲ್ಲದೆ ನಡೆಯಿತೆಂಬುದು ಗೊತ್ತಾಗುತ್ತದೆ. ಅಡಿಗೆಯವನ ಕುಲವನ್ನು ಓದಿ ನಂಬುತ್ತಿದ್ದ ಗಿರಾಕಿಯು ಇನ್ನು ಅಡಿಗೆಮನೆಯನ್ನು ನೋಡಿ ನಂಬಬಹುದಾಗಿತ್ತು.

1960ರಲ್ಲಿ ಅಂಗಡಿಯು ಲಾಲ್‌ಬಾಗಿನ ಹತ್ತಿರದ ಈಗಿನ ಕಟ್ಟಡಕ್ಕೆ ಬಂದಿತು. ಗಿರಾಕಿಗಳು ಹೆಚ್ಚಿದರು. ಲಾಲ್‌ಬಾಗಿನಲ್ಲಿ ಬೆಳಗಿನ ತಿರುಗಾಟವನ್ನು ಮುಗಿಸಿ ನೇರವಾಗಿ ಅಲ್ಲಿಗೆ ಹೋಗುವುದು ಬೆಂಗಳೂರಿಗರಿಗೆ ಒಂದು ವ್ರತದಂತಾಯಿತು. ಆದರೆ ಚಿತ್ರದ ಕ್ರಾಕನಂತೆ ಮೈಯರು ಊರೂರಿಗೆ ಶಾಖೆಗಳನ್ನು ತೆರೆಯಲು ಹೊರಡಲಿಲ್ಲ. ಕ್ರಾಕನ ಮೊದಲ ಅಂಗಡಿ 1955ರಲ್ಲಿ ಷಿಕಾಗೋ ನಗರದ ಬಳಿಯ ಡೆಸ್ ಪ್ಲೇನ್ಸ್ ಎಂಬಲ್ಲಿ ಆರಂಭವಾದುದು. ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಮಾವಳ್ಳಿಯಲ್ಲಿ ಮೈಯರು ಒಂದೇ ಅಡಿಗೆಮನೆಯ ಲೋಟಗಳನ್ನು ಲೆಕ್ಕ ಹಾಕುತ್ತಿದ್ದರು. ಇಬ್ಬರಿಗೂ ಶುಚಿಯ ಹುಚ್ಚು. ಕ್ರಾಕನು ಸಹ ತನ್ನ ಅಂಗಡಿಗಳ ಮುಂದಿನ ಕಸವನ್ನು ತಾನೇ ಹೆಕ್ಕುತ್ತಿದ್ದನೆಂದು ಪ್ರಸಿದ್ಧಿ. ಅವನ ವ್ಯವಸ್ಥೆಯಲ್ಲಿ ಯಜಮಾನನು ಕಾಣದ ಸಾವಿರ ಕಡೆ ಒಂದೇ ರುಚಿ ಬರಬೇಕು. ಮೈಯರ ವ್ಯವಸ್ಥೆಯಲ್ಲಿ ಯಜಮಾನನ ಕಣ್ಣಿಗೆ ಬೀಳದ ಒಂದು ತಟ್ಟೆಯೂ ಹೊರಗೆ ಹೋಗಬಾರದು. ಎರಡರಲ್ಲಿ ಯಾವುದು ಮೇಲೆಂದು ವಾದಿಸುವ ಕೆಲಸವನ್ನು ದೀಪಾವಳಿಯ ರಜೆಯ ನಮ್ಮ ವಾದಿಗಳಿಗೇ ಬಿಡುತ್ತೇನೆ. ಹಣದ ಲೆಕ್ಕದಲ್ಲಾದರೋ ಕ್ರಾಕನದೇ ಗೆಲುವು, ಅದರಲ್ಲಿ ಸಂಶಯವಿಲ್ಲ.

ಯಜ್ಞನಾರಾಯಣ ಮೈಯರು 1968ರಲ್ಲಿ ನಿಧನ ಹೊಂದಿದರು.

ಅವರ ಪಾಠವನ್ನು ಮನೆಯವರು ಕಲಿತಿದ್ದರೇ ಎಂಬುದು ಕೆಲವೇ ವರ್ಷಗಳಲ್ಲಿ ಪರೀಕ್ಷೆಗೆ ಬಂದಿತು. 1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿಯು ಘೋಷಿತವಾಯಿತು. ಆ ಕಾಲದಲ್ಲಿ ಹೊಟೇಲಿನ ತಿಂಡಿಗಳನ್ನು ಬಹಳ ಕಡಮೆ ಬೆಲೆಗೆ ಮಾರಬೇಕೆಂದು ಸರ್ಕಾರವು ಕಟ್ಟಳೆ ಮಾಡಿತು. ತುಪ್ಪದ ಬದಲು ಅಗ್ಗದ ಎಣ್ಣೆಯನ್ನು ಹಾಕಿ, ಇಡ್ಲಿಯ ಗಾತ್ರವನ್ನು ಕಿರಿದಾಗಿಸಿ ದಿನ ನೂಕಬಹುದಾಗಿತ್ತು. ಮಾವಳ್ಳಿಯವರು ಹಾಗೆ ಮಾಡಲಿಲ್ಲ. ಹಳೆಯ ಗುಣವನ್ನೇ ಉಳಿಸಿಕೊಂಡು ಹೊಸ ಬೆಲೆಗೆ ಮಾರಿದರು. ಅದರಿಂದ ದಿನವೂ ಆಗುತ್ತಿದ್ದ ನಷ್ಟವನ್ನು ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ಹೊರಗೆ ಇಟ್ಟರು. ಅಡಿಗೆಮನೆಯನ್ನು ತೆರೆದು ತೋರಿಸಿದ ಮನೆತನವು ಈಗ ಲೆಕ್ಕದ ಪುಸ್ತಕವನ್ನೂ ತೆರೆದು ತೋರಿಸಿದಂತಾಯಿತು. ನಷ್ಟವನ್ನು ತಾಳಲಾರದೆ ಕೊನೆಗೆ ಹೊಟೇಲಿನ ಬಾಗಿಲನ್ನು ಮುಚ್ಚಬೇಕಾಯಿತು.

ಬಾಗಿಲು ಮುಚ್ಚಿದಾಗ ಕೆಲಸದವರ ಗತಿ ಏನು? ಊರು ಬಿಟ್ಟು ಬಂದ ಹುಡುಗರ ಕಷ್ಟವೇನೆಂಬುದನ್ನು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಯಿಸಿದ ತಿಂಡಿಯನ್ನು ಮಾರಲಾಗದಿದ್ದರೆ ಬೇಯಿಸುವ ಮೊದಲಿನ ಹಿಟ್ಟನ್ನು ಮಾರೋಣವೆಂದು, ರವೆ ಇಡ್ಲಿಯ ಮಿಶ್ರಣ, ಸಾಂಬಾರು ಪುಡಿ ಮೊದಲಾದವುಗಳನ್ನು ಪೊಟ್ಟಣ ಕಟ್ಟುವ ಕೆಲಸವನ್ನು ಬೆಳೆಸಿದರು. ಹುರಿದ ರವೆಯಲ್ಲಿ ಸೋಡವೂ ಒಗ್ಗರಣೆಯೂ ಕೂಡಿದ್ದರೆ ಮನೆಯಲ್ಲಿ ಮೊಸರು ಕಲಸುವುದಷ್ಟೇ ಉಳಿಯುತ್ತದೆ. ಯುದ್ಧಕಾಲದ ಆ ಇಡ್ಲಿಯು ರುಬ್ಬುವ ಕಲ್ಲನ್ನೂ ರಾತ್ರಿಯ ಕಾಯುವಿಕೆಯನ್ನೂ ಬಿಟ್ಟು ಹುಟ್ಟಿದ್ದರಿಂದಲೇ ಪೊಟ್ಟಣದಲ್ಲಿ ಸೇರಲು ತಕ್ಕುದಾಯಿತು. ಯಜ್ಞನಾರಾಯಣ ಮೈಯರ ಪುತ್ರ ಸದಾನಂದ ಮೈಯರ ಕಾಲದಲ್ಲಿ ಈ ಪೊಟ್ಟಣಗಳ ಉದ್ಯಮವು ದೇಶದಲ್ಲೆಲ್ಲ ಹರಡಿತು. ನಮ್ಮ ನಾಗಪುರದ ಮನೆಗಳ ಅಡಿಗೆಯ ಕಪಾಟಿಗೂ ಅದು ಬಂದಿದೆ. 2007ರಲ್ಲಿ ಆ ಉದ್ಯಮವನ್ನು ನಾರ್ವೆ ದೇಶದ ಓರ್ಕ್ಲಾ ಎಂಬ ಸಂಸ್ಥೆಯು ಕೊಂಡಿತು. ಹೀಗೆ ಪೊಟ್ಟಣದ ಮೇಲಿನ ಹೆಸರು ಪರರ ಪಾಲಾಯಿತಾದರೂ, ಚಿತ್ರದ ಸೋದರರಿಗೆ ಆದಂತೆ ಹೊಟೇಲು ಹೆಸರನ್ನು ಕಳೆದುಕೊಳ್ಳಲಿಲ್ಲ. ಮತ್ತೆ ಬಾಗಿಲು ತೆರೆದ ಅದು ಮೈಯರ ಮನೆತನದಲ್ಲಿಯೇ ಉಳಿದು ಬಂದಿತು. ಶಾಖೆಗಳನ್ನು ತೆರೆಯಲು ಒಲ್ಲದಿದ್ದವರ ಮೊಮ್ಮಕ್ಕಳ ಕಾಲದಲ್ಲಿ, 2013ರಲ್ಲಿ, ಸಿಂಗಪುರದಲ್ಲಿಯೂ ಅದರ ಒಂದು ಶಾಖೆಯಾಯಿತು.

ನಮ್ಮಲ್ಲಿ ಅನೇಕರು ಬೇಸಿಗೆಯ ರಜೆಯಲ್ಲಿ ಇಲ್ಲಿಂದ ರೈಲು ಹತ್ತಿ, ಬಲ್ಹಾರಶಾ, ಸಿಕಂದರಾಬಾದುಗಳ ದಾರಿಯಾಗಿ ಬೆಂಗಳೂರಿಗೆ ಹೋಗುವವರು. ಹೋದಾಗ ಲಾಲ್‌ಬಾಗಿನ ಹೂಗಳನ್ನು ನೋಡಿ ಹಾಗೆಯೇ ಹಿಂದಿರುಗಬೇಡಿರಿ. ರಸ್ತೆಯ ಬದಿಯಲ್ಲಿ ಬೆಳಗಿನ ಹೊತ್ತು ಜನ ಕಾಯುತ್ತ ನಿಂತಿರುವುದು ಕಂಡರೆ ಅಲ್ಲಿ ನೀವೂ ನಿಲ್ಲಿರಿ. ರವೆ ಇಡ್ಲಿಯೊಡನೆ ಆಲೂಗಡ್ಡೆಯ ಸಾಗು, ಚಟ್ನಿ, ಪುಟ್ಟ ಬಟ್ಟಲಿನಲ್ಲಿ ತುಪ್ಪ ಬರುತ್ತದೆ. ತುಪ್ಪವನ್ನು ಇಡ್ಲಿ ಬಿಸಿಯಾಗಿರುವಾಗಲೇ ಹಾಕಿಕೊಳ್ಳಬೇಕು.